ದೀಪ ದೊಡ್ಡದು ಮಾಡಿದ್ದು

ಹೋದ ವರ್ಷ ಕಾರ್ತಿಕ ಮಾಸದ ಒಂದು ಸೋಮವಾರ ಸಂಜೆ, ಬಬಲೇಶ್ವರದಲ್ಲಿ ನನ್ನ ಹೆಂಡತಿಯ ಅಕ್ಕನ ಮನೆಯಲ್ಲಿ, ಒಂದು ಕೂಸಿಗೆ ಹೆಸರಿಡುವ ಹೊತ್ತಿನಲ್ಲಿ ಕರೆಂಟು ಹೋಯಿತು. ಆ ವೇಳೆ ತೊಟ್ಟಿಲ ಸುತ್ತ ಗಾಜಿನ ಬಾಟಲಿಗಳಲ್ಲಿ ಮಾಡಿದ ಐದು ಎಣ್ಣೆದೀಪಗಳು ಉರಿಯುತ್ತಿದ್ದವು. ಸ್ವಲ್ಪ ಹೊತ್ತಿನ ನಂತರ ಐದರಲ್ಲಿ ಒಂದೂ ಉರಿಯುತ್ತಿರಲಿಲ್ಲ. ಅವುಗಳಿಗೆ ಕಾವಲಿದ್ದವನು ನಾನು. ಇಷ್ಟರ ಮಟ್ಟಿಗೆ ಎರಡೂ ಕಡೆಯವರಲ್ಲಿ ಭಿನ್ನಾಭಿಪ್ರಾಯವಿಲ್ಲ.

ವಿಜಯಪುರದ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತು, ತಾಲ್ಲೂಕುಗಳಿಂದ ಬರುವ ವರದಿಗಳನ್ನು ತಿದ್ದುವುದು ನನ್ನ ಉದ್ಯೋಗ. ತಿದ್ದುವುದೆಂದರೆ ಮುಖ್ಯವಾಗಿ ಸಣ್ಣದು ಮಾಡುವುದು. ‘ಇಹಲೋಕದ ಯಾತ್ರೆ ಮುಗಿಸಿದರು’ ಎಂದು ಬಂದದ್ದು ನನ್ನ ಕೈಯಿಂದ ‘ನಿಧನರಾದರು’ ಎಂದು ಹೋಗುತ್ತದೆ. ‘ಬೆಂಕಿಯ ಕೆನ್ನಾಲಿಗೆಗೆ ಬಣವೆ ಆಹುತಿ’ ಎಂಬುದು ‘ಬಣವೆ ಸುಟ್ಟಿದೆ’ ಎಂದಾಗುತ್ತದೆ. ವರದಿಗಾರರಿಗೆ ಇದರಿಂದ ಬೇಸರವಿದೆ. ತಿಕೋಟಾದ ನಮ್ಮ ವರದಿಗಾರನಂತೂ ಒಮ್ಮೆ ಫೋನ್ ಮಾಡಿ, “ಸರ್, ನಮ್ಮ ಕಡೆ ಯಾರೂ ಬರೇ ನಿಧನ ಆಗೂದಿಲ್ರಿ. ನಾಕ ಮಂದಿ ಕೇಳೂಹಂಗ ಸಾಯ್ತಾರ. ಅದನ್ನ ನೀವು ಒಂದ ಶಬ್ದದಾಗ ಮುಗಸ್ತೀರಿ” ಎಂದು ದೂರಿದ್ದ. ಅವನ ದೂರನ್ನೂ ನಾನು ಒಂದೇ ಶಬ್ದದಲ್ಲಿ ಮುಗಿಸಿದ್ದೆ. ಆಗಿದ್ದನ್ನು ಆಗಿದ್ದ ಹಾಗೆ, ಆಗಿದ್ದಕ್ಕೆ ಇರುವ ಹೆಸರಿನಿಂದಲೇ ಹೇಳಬೇಕು ಎಂಬುದು ಈ ಉದ್ಯೋಗದಿಂದ ನಾನು ಕಲಿತ ಪಾಠ. ಜಲನಗರದ ನನ್ನ ಮನೆಯ ಹೊಸ್ತಿಲು ದಾಟಿ ಈ ಪಾಠ ಒಳಗೆ ಬರುವುದಿಲ್ಲ.

ನನ್ನ ಹೆಂಡತಿ ಶೈಲಾ ಬಬಲೇಶ್ವರದವಳು. ಅವರ ಮನೆಯಲ್ಲಿ ಕೆಲವು ಸಂಗತಿಗಳು ನಡೆಯುತ್ತವೆ, ಆದರೆ ಅವುಗಳ ಹೆಸರು ಹೇಳುವ ಹಾಗಿಲ್ಲ. ಡಬ್ಬಿಯಲ್ಲಿ ಅಕ್ಕಿ ಖಾಲಿಯಾದರೆ ‘ಅಕ್ಕಿ ತುಂಬ್ಯಾವ’ ಅನ್ನಬೇಕು. ಬಳೆ ಒಡೆದರೆ ‘ಬಳಿ ಹೆಚ್ಚಿದವು’. ಮನೆಯಿಂದ ಹೊರಟವನು ‘ಹೋಗ್ತೇನಿ’ ಅನ್ನದೆ ‘ಬರ್ತೇನಿ’ ಅನ್ನಬೇಕು. ಇನ್ನು ದೀಪವನ್ನು ಆರಿಸುವುದಂತೂ ಇಲ್ಲವೇ ಇಲ್ಲ. ಅದನ್ನು ದೊಡ್ಡದು ಮಾಡುತ್ತಾರೆ. ನಾನು ಹಾಸ್ಟೆಲಿನಲ್ಲಿ ಬೆಳೆದವನು. ಅಲ್ಲಿ ವಾರ್ಡನ್ ಬಂದು ಗುಂಡಿ ಒತ್ತಿದರೆ ದೀಪ ಆರುತ್ತಿತ್ತು, ಅದಕ್ಕೆ ಎರಡನೇ ಹೆಸರಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆಯವರು, “ಕಂದೀಲು ದೊಡ್ಡದ ಮಾಡಿ ಮಲಗ್ರಿ” ಎಂದಾಗ ನಾನು ವಿಧೇಯನಾಗಿ ಬತ್ತಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿ ಮಲಗಿದ್ದೆ. ಬೆಳಿಗ್ಗೆ ಕಂದೀಲಿನ ಗಾಜು, ಗೋಡೆ ಮತ್ತು ನನ್ನ ಮುಖ ಒಂದೇ ಬಣ್ಣದಲ್ಲಿದ್ದವು. ಅತ್ತೆಯವರು ಗೋಡೆ ಒರೆಸಿದರು. ಅಂದಿನಿಂದ ನಾನು ಆ ಮನೆಯ ಭಾಷೆಯನ್ನು ಶ್ರದ್ಧೆಯಿಂದ ಕಲಿತೆ. ಈಗ ಯಾರಾದರೂ ದೀಪ ದೊಡ್ಡದು ಮಾಡಿ ಎಂದರೆ ನನ್ನ ಕೈ ತನ್ನಷ್ಟಕ್ಕೆ ತಾನೇ ಅದನ್ನು ಆರಿಸುತ್ತದೆ. ಇದು ನನ್ನ ಸಂಸಾರದ ದೊಡ್ಡ ಸಾಧನೆ ಎಂದು ನಾನು ತಿಳಿದಿದ್ದೆ.

ಬಾಟಲಿ ದೀಪಗಳ ವಿಷಯಕ್ಕೆ ಬರುತ್ತೇನೆ. ಶೈಲಾ ಇವನ್ನು ಮೊಬೈಲಿನಲ್ಲಿ ನೋಡಿ ಕಲಿತಳು. ಗಾಜಿನ ಬಾಟಲಿಯೊಂದನ್ನು ತೊಳೆದು, ತಳಕ್ಕೆ ಬಣ್ಣದ ಹರಳು, ಚೆಂಡುಹೂವಿನ ಎಸಳು, ಬೇಕಾದರೆ ಒಂದು ನಿಂಬೆಹೋಳು ಹಾಕಬೇಕು. ಮುಕ್ಕಾಲು ನೀರು ತುಂಬಿ ಮೇಲೆ ಎಣ್ಣೆ ಬಿಡಬೇಕು. ಎಣ್ಣೆ ನೀರಿನ ಮೇಲೆ ನಿಲ್ಲುತ್ತದೆ. ತಾಮ್ರದ ತಂತಿಯನ್ನು ಬಾಟಲಿಯ ಬಾಯಿಗೆ ಕೊಕ್ಕೆ ಹಾಕಿ, ಅದರ ಸುರುಳಿಯಲ್ಲಿ ಹತ್ತಿಯ ಬತ್ತಿ ತೂರಿಸಿ ಹಚ್ಚಿದರೆ, ಹೂವೆಲ್ಲ ಒಳಗಿನಿಂದ ಬೆಳಗುತ್ತದೆ. ಬತ್ತಿಯನ್ನು ಮೇಲಕ್ಕೆಳೆದರೆ ಉರಿ ಏರುತ್ತದೆ. ಬಾಯಿಯಿಂದ ಊದಿ ಆರಿಸುವುದು ಅಪಚಾರವಾದ್ದರಿಂದ, ಬಾಟಲಿಯ ಮುಚ್ಚಳವನ್ನೇ ಮೇಲೆ ಇಟ್ಟು ದೊಡ್ಡದು ಮಾಡಬೇಕು. ನೋಡಲು ಚೆಂದ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಚೆಂದಕ್ಕೆ ಬಾಟಲಿ ಬೇಕು, ಮತ್ತು ಬಾಟಲಿಗಳಲ್ಲಿ ಆಗಲೇ ಬೇರೆ ಸಾಮಾನು ಇರುತ್ತದೆ.

ಮೊದಲು ಜಾಮಿನ ಬಾಟಲಿ ಹೋಯಿತು. ನಂತರ ಜೇನಿನದು. ಆಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗಳು ತಮ್ಮ ತಮ್ಮ ಬಾಟಲಿಗಳಿಂದ ಸ್ಥಳಾಂತರಗೊಂಡು ಪತ್ರಿಕೆಯ ಹಾಳೆಗಳಲ್ಲಿ ಪೊಟ್ಟಣವಾದವು. ಊಟಕ್ಕೆ ಕೂತಾಗ ನನ್ನದೇ ತಲೆಬರಹವೊಂದು ಎಣ್ಣೆ ಕುಡಿದು ತಟ್ಟೆಯ ಪಕ್ಕಕ್ಕೆ ಬರುತ್ತಿತ್ತು. ಅದರಲ್ಲಿ ಒಮ್ಮೆ ಅಕ್ಷರ ತಪ್ಪನ್ನೂ ಕಂಡೆ. ಎಲ್ಲದಕ್ಕಿಂತ ಕೊನೆಗೆ ಹೋದದ್ದು ಮಾವಿನ ಉಪ್ಪಿನಕಾಯಿಯ ದೊಡ್ಡ ಬಾಟಲಿ. ಗಾಜಿಗೆ ಜ್ಞಾಪಕಶಕ್ತಿ ಇರುತ್ತದೆ ಎಂದು ನನಗೆ ಆಗ ತಿಳಿಯಿತು. ಸೀಗೆಪುಡಿ, ಸೋಡಾ, ಬಿಸಿಲು ಎಲ್ಲ ಆದ ಮೇಲೂ ಆ ದೀಪ ಹಚ್ಚಿದ ಸಂಜೆ ಮನೆಗೆ ಬಂದ ಪಕ್ಕದ ಮನೆಯವರು ಕಣ್ಣು ಮುಚ್ಚಿ ನಮಸ್ಕಾರ ಮಾಡಿ, ಕಣ್ಣು ತೆರೆದು, “ಊಟಕ್ಕ ಕುಂತಿದ್ರೇನ್ರಿ? ಹಂಗಾರ ಆಮ್ಯಾಲೆ ಬರ್ತೀವಿ” ಎಂದು ಹೊರಟರು. ಶೈಲಾ ಅವರನ್ನು ತಡೆದು ಚಹಾ ಕೊಟ್ಟಳು. ಅವರು ಒಂದು ದೀಪ ಬೇಕೆಂದರು. ಜೇನಿನ ಬಾಟಲಿಯದು ಆಗಬಹುದೇ ಎಂದೂ ಕೇಳಿದರು.

ಈ ನಡುವೆ ಬಬಲೇಶ್ವರದಲ್ಲಿ ಬೇರೊಂದು ಸಮಸ್ಯೆ ಬೆಳೆಯುತ್ತಿತ್ತು. ಶೈಲಾಳ ಅಕ್ಕನ ಮಗಳು ಪವಿತ್ರಾಳನ್ನು ಹೊನವಾಡದ ದ್ರಾಕ್ಷಿ ಬೆಳೆಗಾರರ ಮನೆಗೆ ಕೊಟ್ಟಿದೆ. ಅವಳು ಹೆರಿಗೆಗೆ ತವರಿಗೆ ಬಂದು ಹೆಣ್ಣುಮಗುವನ್ನು ಹೆತ್ತಿದ್ದಳು. ಮಗು ಹುಟ್ಟುವ ಮೊದಲೇ ಅವಳು ಒಂದು ಹೆಸರು ಆರಿಸಿ ಇಟ್ಟುಕೊಂಡಿದ್ದಳು: ಆರೋಹಿ. ಹುಡುಗಿ ಬೇರೆ ಏನನ್ನೂ ಹಟ ಹಿಡಿದು ಕೇಳಿದವಳಲ್ಲ. ಸೀರೆ ಅತ್ತೆ ಆರಿಸಿದ್ದು, ಆಸ್ಪತ್ರೆ ಮಾವ ಆರಿಸಿದ್ದು. ಇದೊಂದು ತನ್ನದಿರಲಿ ಎಂದಿದ್ದಳು. ಆದರೆ ಹೊನವಾಡದಲ್ಲಿ ಅವಳ ಗಂಡನ ಅಜ್ಜಿ ಇದ್ದಾರೆ. ಎಲ್ಲರೂ ಆಯಿ ಎನ್ನುತ್ತಾರೆ. ಆಯಿಗೆ ತಮ್ಮ ತಾಯಿಯ ಹೆಸರು ಗಂಗವ್ವ ಎಂದು ಇಡಬೇಕೆಂದಿತ್ತು. ಅದಕ್ಕಿಂತ ಹೆಚ್ಚಾಗಿ, ಆರೋಹಿ ಎಂದು ಇಡಬಾರದೆಂದಿತ್ತು. ಪವಿತ್ರಾ ಫೋನ್ ಮಾಡಿ, “ಚಿಗವ್ವಾ, ಕಾಕಾಗ ಹೇಳು. ಪೇಪರದವ್ರು ಅಂದ್ರ ಆಯಿ ಕೇಳ್ತಾರ. ಆ ಹೆಸರಿನ ಅರ್ಥ ತಿಳಿಸಿ ಹೇಳ್ಲಿ” ಎಂದು ಶೈಲಾಳಿಗೆ ಹೇಳಿದಳು. ಹೀಗೆ ನಾನು ಸಮಾರಂಭಕ್ಕೆ ಎರಡು ಜವಾಬ್ದಾರಿ ಹೊತ್ತು ಹೋದೆ. ಒಂದು ಅರ್ಥ ತಿಳಿಸುವುದು, ಇನ್ನೊಂದು ಬಸ್ಸಿನಲ್ಲಿ ಐದು ಗಾಜಿನ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಒಡೆಯದಂತೆ ಒಯ್ಯುವುದು. ಎರಡನೆಯದು ಯಶಸ್ವಿಯಾಯಿತು.

ಮಧ್ಯಾಹ್ನ ಊಟವಾದ ಮೇಲೆ, ಹೊನವಾಡದಿಂದ ಬಂದಿದ್ದ ಆಯಿ ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಎದುರಿಗೆ ಕೂತು, ಆರೋಹಿ ಎಂದರೆ ಮೇಲೆ ಏರುವವಳು ಎಂದು ತಿಳಿಸಿದೆ.

“ಏನ ಏರಾಕಿರಿ ಸಾಹೇಬ್ರ? ತಿಕೋಟಾ ಬಸ್ಸಾ?”

“ಹಂಗಲ್ರಿ ಆಯಿ. ಜೀವನದಾಗ ಮ್ಯಾಲ ಏರೂದು. ಸಂಸ್ಕೃತ ಅದು.”

“ಸಂಸ್ಕೃತ ಹೊನವಾಡದಾಗ ಯಾರಿಗೆ ಬರ್ತೈತಿ? ನನಗ ಕೇಳೂದು ಒಂದ. ಆರೋ... ಹೀ. ಆರಿ ಹೋಗು ಅಂದಂಗ ಕೇಳ್ತೈತಿ. ಹೆಣ್ಣಕೂಸು ಅಂದ್ರ ಮನಿ ದೀಪ ಇದ್ದಂಗ. ದೀಪ ಹಚ್ಚೂ ಹೊತ್ತಿನ್ಯಾಗ ಅಂಗಳದಾಗ ನಿಂತು ‘ಆರೂ, ಏ ಆರೂ’ ಅಂತ ನಾ ಒದರ್ಲೇನು?”

ಶಬ್ದದ ಧ್ವನಿಯ ಬಗ್ಗೆ ಇಷ್ಟು ಸೂಕ್ಷ್ಮವಾದ ಆಕ್ಷೇಪ ನಮ್ಮ ಡೆಸ್ಕಿನಲ್ಲಿ ಯಾರೂ ಎತ್ತಿದ್ದಿಲ್ಲ. ಒಳಗಿನ ಕೋಣೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಪವಿತ್ರಾ ಇದನ್ನೆಲ್ಲ ಕೇಳಿಸಿಕೊಂಡು ಒಳಗೆ ಹೋದಳು. ಆಮೇಲೆ ಶೈಲಾ ನನ್ನ ಬಳಿ ಬಂದು ಮೆಲ್ಲಗೆ ಹೇಳಿದ್ದು ಇನ್ನೂ ಗಂಭೀರವಾಗಿತ್ತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಆ ಸೋದರತ್ತೆ ರೇಣುಕಾ, ಆಯಿಯ ಮುದ್ದಿನ ಮೊಮ್ಮಗಳು. ಎಲ್ಲರೆದುರು ಏನೇ ಮಾತಾಗಿರಲಿ, ಬಗ್ಗಿ ಕಿವಿಯಲ್ಲಿ ಗಂಗವ್ವ ಎಂದುಬಿಡು ಎಂದು ಆಯಿ ಅವಳಿಗೆ ಹೇಳಿಟ್ಟಿದ್ದಾರಂತೆ. “ಕಿವ್ಯಾಗ ಒಮ್ಮೆ ಬಿತ್ತಂದ್ರ ಮುಗೀತು. ಪವಿತ್ರಾ ಒಳಗ ಅಳಾಕತ್ತಾಳ. ನೀವು ಅರ್ಥ ಹೇಳಾಕ ಹೋಗಿ ಬಸ್ ಹತ್ತಿಸಿ ಬಂದ್ರಿ” ಎಂದಳು ಶೈಲಾ. ನಂತರ, ನನ್ನಿಂದ ಆಗಬಹುದಾದ ಒಂದೇ ಕೆಲಸವೆಂದು, ತೊಟ್ಟಿಲ ಪಕ್ಕ ಕೂತು ದೀಪಗಳನ್ನು ನೋಡಿಕೊಳ್ಳುವಂತೆ ಹೇಳಿದಳು. ಸೀರೆ ಸೆರಗು, ಎಣ್ಣೆ, ಕೂಸು ಎಲ್ಲ ಒಂದೇ ಕಡೆ ಇರುವುದರಿಂದ ಒಬ್ಬ ಜವಾಬ್ದಾರಿಯುತ ಮನುಷ್ಯ ಇರಲಿ ಎಂಬುದು ಅವಳ ಲೆಕ್ಕಾಚಾರವಾಗಿತ್ತು.

ಸಂಜೆ ತೊಟ್ಟಿಲು ಕಟ್ಟಿದರು. ಗುಂಡುಕಲ್ಲಿಗೆ ಕುಂಚಿಗೆ ಹಾಕಿ ಮೊದಲು ಅದನ್ನು ತೊಟ್ಟಿಲಲ್ಲಿ ತೂಗಿದರು. ಆಮೇಲೆ ಕೂಸನ್ನು ಎತ್ತಿಕೊಂಡು, ಈ ಕಡೆಯ ಹೆಂಗಸು ತೊಟ್ಟಿಲ ಮೇಲಿನಿಂದ ಕೊಡುವುದು, ಆ ಕಡೆಯವಳು ತೊಟ್ಟಿಲ ಕೆಳಗಿನಿಂದ ಮರಳಿಸುವುದು ಶುರುವಾಯಿತು. “ಕೊಟ್ಟೆ, ತಗೋ” ಎಂದು ಹಾಡಿನಂತೆ ಅನ್ನುತ್ತಿದ್ದರು. ನನ್ನ ಐದು ದೀಪಗಳು ಚೆನ್ನಾಗಿ ಉರಿಯುತ್ತಿದ್ದವು. ಉಪ್ಪಿನಕಾಯಿ ಬಾಟಲಿಯನ್ನು ಗಂಡಿನ ಕಡೆಯವರಿಂದ ದೂರ, ನನ್ನ ಬಳಿ ಇಟ್ಟುಕೊಂಡಿದ್ದೆ. ಆಗ ಕರೆಂಟು ಹೋಯಿತು. ಕಾರಣ ತಿಳಿದುಬಂದಿಲ್ಲ. ಒಂದು ಕ್ಷಣ ಎಲ್ಲರೂ ಹೋ ಎಂದರು, ನಂತರ ಬಾಟಲಿಯೊಳಗಿನ ಹೂಗಳು ಹೊಳೆಯುವುದನ್ನು ಕಂಡು ಆಹಾ ಎಂದರು. ಶೈಲಾಳ ಮುಖವನ್ನು ನಾನು ನೋಡಿದೆ. ಅಷ್ಟು ಸಂತೋಷವನ್ನು ಅವಳು ನನ್ನ ಯಾವ ತಲೆಬರಹಕ್ಕೂ ತೋರಿಸಿದ್ದಿಲ್ಲ.

ಅದೇ ಹೊತ್ತಿಗೆ ಕುರ್ಚಿಯ ಮೇಲೆ ಕೂತಿದ್ದ ಆಯಿಯ ದನಿ ಬಂತು. “ಯಾರದಾರ ಅಲ್ಲೆ? ದೀಪ ದೊಡ್ಡದ ಮಾಡ್ರಿ!”

ನಾನು ಯೋಚಿಸಿದ್ದು ಇಷ್ಟು: ಹಿರಿಯರು, ಅನುಭವಸ್ಥರು. ಇಷ್ಟು ಹೆಂಗಸರು, ಇಷ್ಟು ಸೆರಗು, ಕತ್ತಲೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿರುವ ಕೂಸು, ಸುತ್ತ ಬೆಂಕಿ. ಆರಿಸಿ ಎನ್ನುತ್ತಿದ್ದಾರೆ. ಸರಿಯಾದ ತೀರ್ಮಾನ. ಮುಚ್ಚಳಗಳಿದ್ದ ಚೀಲವನ್ನು ಶೈಲಾ ತೊಟ್ಟಿಲ ಕೆಳಗೆ ಇಟ್ಟಿದ್ದಳು. ನಾನು ಮೊಣಕಾಲೂರಿ, ತೊಟ್ಟಿಲ ಕೆಳಗೆ ತಲೆ ತೂರಿಸಿ ತಡಕಾಡಿದೆ. ಸಿಗಲಿಲ್ಲ. ಅಲ್ಲಿಂದಲೇ ಸ್ವಲ್ಪ ಗಟ್ಟಿಯಾಗಿ, “ಮುಚ್ಚಳ?” ಎಂದು ಕೇಳಿದೆ. ಹಾಗೆ ಕೇಳಿದಾಗ ಕೂಸು ಕೆಳಗಿನ ಸುತ್ತಿನಲ್ಲಿತ್ತು ಮತ್ತು ಅದರ ಎಡಗಿವಿ ನನ್ನ ಬಾಯಿಯ ಎದುರಿಗಿತ್ತು. ಅದು ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ. ನಂತರ ಅದು ಮುಂದಿನವರ ಕೈಗೆ ಹೋಯಿತು, ನನ್ನ ಕೈಗೆ ಚೀಲ ಸಿಕ್ಕಿತು. ಒಂದೊಂದಾಗಿ ಐದೂ ಬಾಟಲಿಗಳಿಗೆ ಮುಚ್ಚಳ ಇಟ್ಟೆ. ಪೂರ್ತಿ ಕತ್ತಲೆಯಾಯಿತು. ಚೀಲವನ್ನು ಇದ್ದಲ್ಲಿಯೇ ಇಡೋಣವೆಂದು ಮತ್ತೆ ತೊಟ್ಟಿಲ ಕೆಳಗೆ ಬಗ್ಗಿದೆ.

ಹೆಸರು ಹೇಳಲು ಬಗ್ಗಿದ ಸೋದರತ್ತೆಯ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಗುದ್ದು ಬಿತ್ತೆಂದರೆ ಹೆಸರು ಬಿತ್ತು, ಶಾಸ್ತ್ರ ಮುಗಿಯಿತು. ಕತ್ತಲೆಯಲ್ಲಿ ತೊಟ್ಟಿಲ ಬಳಿ ಒಂದು ಬಗ್ಗಿದ ಬೆನ್ನು ಯಾರದೋ ಕೈಗೆ ತಗುಲಿತು. ಅವರು ಗುದ್ದಿದರು. ಅದನ್ನು ಕೇಳಿ ಉಳಿದವರೂ ಗುದ್ದಿದರು. ನಾನು ಕೂಗಲಿಲ್ಲ. ಶುಭಕಾರ್ಯದಲ್ಲಿ ಗದ್ದಲ ಬೇಡವೆನಿಸಿತು. ಯಾರೋ ಮೊಬೈಲಿನ ಬೆಳಕು ಬಿಟ್ಟಾಗ ನಾನು ಆ ಭಂಗಿಯಲ್ಲಿ ಇದ್ದೆ.

“ದೀಪ ಯಾರು ದೊಡ್ಡದ ಮಾಡಿದ್ರು?” ಎಂದರು ಆಯಿ.

“ನಾನರಿ.”

“ಯಾಕ?”

“ನೀವ ಹೇಳಿದ್ರೆಲ್ರಿ, ದೊಡ್ಡದ ಮಾಡ್ರಿ ಅಂತ.”

“ನಾ ದೊಡ್ಡದ ಮಾಡ್ರಿ ಅಂದೆ!”

“ಹೌದ್ರಿ. ದೊಡ್ಡದ ಮಾಡೀನಿ.”

“ಎಲ್ಲಿ ದೊಡ್ಡದ ಮಾಡೀರಿ? ಎಲ್ಲಾ ದೊಡ್ಡದ ಮಾಡಿ ಕುಂತೀರಿ! ಕೂಸಿನ ಮಾರಿ ಕಾಣವಲ್ದಾಗಿತ್ತು, ಅದಕ್ಕ ದೊಡ್ಡದ ಮಾಡ್ರಿ ಅಂದೆ. ದೊಡ್ಡದ ಮಾಡ್ರಿ ಅಂದ್ರ ದೊಡ್ಡದ ಮಾಡೂದು, ದೊಡ್ಡದ ಮಾಡೂದಲ್ಲ!”

ಕೊನೆಯ ವಾಕ್ಯ ಡೆಸ್ಕಿಗೆ ಬಂದಿದ್ದರೆ ನಾನು ವರದಿಗಾರನಿಗೆ ವಾಪಸು ಕಳಿಸುತ್ತಿದ್ದೆ. ಆಯಿಗೂ ಅದರ ತೊಡಕು ಗೊತ್ತಾಗಿರಬೇಕು. ಎರಡೂ ಕೈ ಅಗಲಿಸಿ, “ದೊ...ಡ್ಡದು” ಎಂದು ತೋರಿಸಿದರು. ನಾನು ತಲೆಯಾಡಿಸಿ, ಅತ್ತೆಯವರ ಕಾಲದಿಂದ ನಾನು ಹಾಗೆಂದರೆ ಹೀಗೆಂದೇ ತಿಳಿದು ನಡೆದುಕೊಂಡು ಬಂದಿದ್ದೇನೆ ಎಂದು ವಿವರಿಸಲು ಹೊರಟೆ. ಆಯಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

“ಯಪ್ಪಾ ಶಿವನ! ಆರಸೂದಲ್ಲೋ! ಆರಸಂತ ಯಾರ ಅಂದ್ರು ನಿನಗ? ಐದಕ್ಕ ಐದೂ ಆರಿಸ್ಯಾನ. ಆರಿಸಿದ್ದಲ್ದ ವಾದಾ ಹಾಕ್ತಾನ!”

ಸಾಹೇಬ್ರಿಂದ ಏಕವಚನಕ್ಕೆ ಇಳಿದದ್ದನ್ನು ನಾನು ಗಮನಿಸಿದೆ. ಉಳಿದವರು ಗಮನಿಸಿದ್ದು ಬೇರೆ. ಅನ್ನಬಾರದ ಶಬ್ದ ತೊಟ್ಟಿಲ ಬಳಿಯೇ ಬಿದ್ದಿತ್ತು. ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಷ್ಟರಲ್ಲಿ ರೇಣುಕಾ ಕೇಳಿದಳು: “ಗುದ್ದು ಯಾರಿಗೆ ಹಾಕಿದ್ರಿ? ನನಗ ಒಂದೂ ಬಿದ್ದಿಲ್ಲ.”

“ಹಂಗಾರ ಅದು ನಿನ್ನ ಬೆನ್ನಲ್ಲೇನ?” ಎಂದಳು ಶೈಲಾಳ ಅಕ್ಕ. “ಮೆತ್ತಗಿತ್ತಲ್ಲ!”

“ನಾ ಇನ್ನೂ ಹೆಸರ ಅಂದಿಲ್ಲ.”

ಈಗ ಪ್ರಶ್ನೆ ಶಾಸ್ತ್ರದ್ದಾಯಿತು. ಗುದ್ದು ಆಗಿದೆ. ಗುದ್ದು ಆಯಿತೆಂದರೆ ಕಿವಿಯಲ್ಲಿ ಹೆಸರು ಬಿದ್ದಿದೆ ಎಂದರ್ಥ. ಹಾಗಾದರೆ ಬಿದ್ದದ್ದು ಏನು? ಒಬ್ಬರು ಏನೂ ಬಿದ್ದಿಲ್ಲ ಎಂದರು. ಇನ್ನೊಬ್ಬರು ಏನೋ ಕೇಳಿಸಿತು, ಗಂಡುದನಿ ಇತ್ತು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. “ನೀವು ಪೇಪರದವ್ರು. ಖರೇ ಹೇಳ್ರಿ” ಎಂದರು ಆಯಿ, ಮರಳಿ ಬಹುವಚನಕ್ಕೆ ಬಂದು. ಖಚಿತಪಡಿಸಿಕೊಳ್ಳದೆ ಏನನ್ನೂ ಹೇಳಬಾರದು ಎಂಬುದು ನಮ್ಮ ನಿಯಮ. ಆದರೆ ಇದು ಖಚಿತವಿತ್ತು.

“ಮುಚ್ಚಳ” ಎಂದೆ.

“ಏನ?”

“ಮುಚ್ಚಳರಿ. ಕೂಸಿನ ಎಡಗಿವ್ಯಾಗ.”

“ಎದರ ಮುಚ್ಚಳ?”

“ಉಪ್ಪಿನಕಾಯಿ ಬಾಟ್ಲಿದು.”

ಮೊದಲು ನಕ್ಕವಳು ರೇಣುಕಾ. ನಂತರ ನಗು ಯಾರಿಂದ ಯಾರಿಗೆ ಹೋಯಿತೆಂದು ಹೇಳಲಾಗದು. ನಗದೆ ಇದ್ದವರು ಮೂವರು: ಆಯಿ, ನಾನು, ಪವಿತ್ರಾ. ಪವಿತ್ರಾ ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡು ಆಯಿಯ ಎದುರಿಗೆ ನೆಲದ ಮೇಲೆ ಕೂತಳು.

“ಆಯಿ, ನೀವು ಈಗ ನನ್ನ ಮಗಳ ತಲಿ ಮ್ಯಾಲೆ ಆರಸು, ಆರಸು ಅಂತ ಎಷ್ಟ ಸಲ ಅಂದ್ರಿ? ಏನಾತು ಇಕಿಗೆ? ನೋಡ್ರಿ, ಆಕಳಸಾಕತ್ತಾಳ. ದೀಪ ಖರೇನ ಆರಿದ್ವು, ಇಕಿ ಅಳಲೂ ಇಲ್ಲ. ಇನ್ನ ಆರೋಹಿ ಅಂದ್ರ ಏನಾಕ್ಕೈತ್ರಿ?”

ಆಯಿ ಬಗ್ಗಿ, ಮೊಬೈಲಿನ ಬೆಳಕಿನಲ್ಲಿ ಕೂಸಿನ ಮುಖವನ್ನು ಬಹಳ ಹೊತ್ತು ನೋಡಿದರು. ಅವರು ದೀಪ ದೊಡ್ಡದು ಮಾಡಿರೆಂದದ್ದು ಅದಕ್ಕಾಗಿಯೇ ಆಗಿತ್ತು. ಕೂಸು ಮತ್ತೊಮ್ಮೆ ಆಕಳಿಸಿತು.

“ಏ ರೇಣುಕಾ,” ಎಂದರು ಕೊನೆಗೆ. “ಅವರವ್ವ ಏನಂತಾಳ ಅದನ್ನ ಅಂದ ಮುಗಸ ಬೇ. ಮುಚ್ಚಳಕ್ಕಿಂತ ಚಲೋ ಐತಿ.”

ರೇಣುಕಾ ಬಗ್ಗಿ ಬಲಗಿವಿಯಲ್ಲಿ ಆರೋಹಿ ಎಂದಳು, ಎಲ್ಲರಿಗೂ ಕೇಳುವ ಹಾಗೆ. ಅವಳಿಗೆ ಗುದ್ದು ಬೀಳಲಿಲ್ಲ. ಗುದ್ದಿನ ಭಾಗ ಮುಗಿದಿದೆ ಎಂದು ಹಿರಿಯರು ತೀರ್ಮಾನಿಸಿದರು. ಶೈಲಾ ದೀಪಗಳನ್ನು ಮತ್ತೆ ಹಚ್ಚಿದಳು. ಆಯಿ ತಮ್ಮ ತಲೆಯ ಪಿನ್ನು ತೆಗೆದು, ಒಂದೊಂದೇ ಬಾಟಲಿಯ ಬತ್ತಿಯನ್ನು ತಾವೇ ಮೇಲಕ್ಕೆಳೆದರು. ನನ್ನನ್ನು ಪಡಸಾಲೆಗೆ ಹೋಗಿ ಕೂರಲು ಹೇಳಲಾಯಿತು. ಅಲ್ಲಿ ಗಂಡಸರು ಒಳಗೆ ಏನು ನಡೆಯಿತೆಂದು ಕೇಳಿದರು. ಹೆಸರಿಟ್ಟರು ಎಂದೆ. ವಾಕ್ಯ ಸಣ್ಣದಾಗಿತ್ತು, ಸುಳ್ಳಿರಲಿಲ್ಲ.

ಮರಳುವ ಬಸ್ಸಿನಲ್ಲಿ ಶೈಲಾ ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಸಿಟ್ಟಾಗಿದ್ದಾಳೆಂದು ನಾನು ತಿಳಿದೆ. ಊರು ಹತ್ತಿರ ಬಂದಾಗ ಅವಳ ಭುಜ ಅಲುಗುವುದು ಕಂಡಿತು. “ಉಪ್ಪಿನಕಾಯಿ ಅಂತ ಯಾಕ ಹೇಳಿದ್ರಿ? ಮುಚ್ಚಳ ಅಂದಿದ್ರ ಸಾಕಾಗಿತ್ತು” ಎಂದಳು. ಕೇಳಿದರು, ಹೇಳಿದೆ ಎಂದೆ. ಬೆನ್ನಿಗೆ ಅಂದು ರಾತ್ರಿ ಅವಳೇ ಎಣ್ಣೆ ಹಚ್ಚಿದಳು. ದೀಪದ್ದೇ ಎಣ್ಣೆ, ಉಳಿದಿತ್ತು.

ಈ ಒಂದು ವರ್ಷದಲ್ಲಿ ಹೊನವಾಡದಿಂದ ಬಾಟಲಿ ದೀಪಗಳಿಗೆ ಹಲವು ಸಲ ಬೇಡಿಕೆ ಬಂದಿದೆ. ಜತೆಗೆ ನಾನು ಬರಬಾರದೆಂಬ ಷರತ್ತೂ ಬಂದಿತ್ತು, ಈಚೆಗೆ ಅದನ್ನು ಸಡಿಲಿಸಿದ್ದಾರೆ. ಕೂಸಿನ ಹೆಸರು ಎಲ್ಲ ದಾಖಲೆಗಳಲ್ಲಿ ಆರೋಹಿ ಎಂದೇ ಇದೆ. ಹೋದ ತಿಂಗಳು ನಾವಿಬ್ಬರೂ ಹೊನವಾಡಕ್ಕೆ ಹೋದಾಗ ಅದು ಅಂಗಳದಲ್ಲಿ ಅಂಬೆಗಾಲಿಟ್ಟು, ದ್ರಾಕ್ಷಿಯ ಖಾಲಿ ಬುಟ್ಟಿಯೊಂದನ್ನು ದೂಡುತ್ತಾ ಹೊರಟಿತ್ತು. ಪವಿತ್ರಾ ಬಾಗಿಲಲ್ಲಿ ನಿಂತು “ಆರೋಹೀ” ಎಂದು ಕರೆದಳು. ಕೂಸು ಬುಟ್ಟಿ ದೂಡುತ್ತಿತ್ತು. ಇನ್ನೊಮ್ಮೆ ಕರೆದಳು. ಆಗ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಆಯಿ, ತಲೆಯೆತ್ತದೆ, “ಮುಚ್ಚೀ, ಯಾರ ಬಂದಾರ ನೋಡ ಬೇ” ಎಂದರು. ಕೂಸು ತಿರುಗಿ ನೋಡಿತು.